ಹೊಸ ಬಣ್ಣಕ್ಕೆ ಹಳೆಯ ವಯಸ್ಸು

ಲಾರಿ ಪೇಂಟರನ ಹೆಮ್ಮೆಯೆಲ್ಲ ಹೊಳಪಿನಲ್ಲಿದೆ. ಪುಟ್ಟಿ ಹಚ್ಚಿ, ವಾಟರ್ ಪೇಪರಿನಲ್ಲಿ ತಿಕ್ಕಿ, ಸ್ಪ್ರೇ ಗನ್ನಿನಲ್ಲಿ ಮೂರು ಕೋಟು ಹೊಡೆದು ಗಾಡಿಯನ್ನು ಷೆಡ್ಡಿನಿಂದ ಹೊರಗೆ ಬಿಟ್ಟಾಗ ಮಾಲೀಕ ಬಾನೆಟ್ಟಿನ ಮೇಲೆ ಬಗ್ಗಿ ಮೀಸೆ ತಿದ್ದಿಕೊಂಡನೆಂದರೆ ಕೆಲಸ ಗೆದ್ದ ಹಾಗೆ. ಅಂಥವನ ಮುಂದೆ ನಿಂತು, ‘ಬಣ್ಣ ಹೊಡೀಬೇಕು, ಆದ್ರೆ ಮೂವತ್ತು ವರ್ಷದ ಹಿಂದೆ ಹೊಡೆದದ್ದು ಅನ್ನಿಸ್ಬೇಕು’ ಎಂದರೆ ಆತ ಏನು ಹೇಳಿಯಾನು? ‘ಅದಕ್ಕೆ ನಾನ್ಯಾಕೆ ಯಜಮಾನ್ರೇ, ಬಯಲಲ್ಲಿ ನಿಲ್ಲಿಸಿ, ತಾನೇ ಆಗುತ್ತೆ’ ಎಂದರೆ ತಪ್ಪಿಲ್ಲ.

ಆದರೆ ಎಲ್ಲರಿಗೂ ಮೂವತ್ತು ವರ್ಷ ಕಾಯಲು ಪುರುಸೊತ್ತಿಲ್ಲ. ಹಳೆಯ ಕಾಲದ ಕಥೆಯ ಸಿನಿಮಾಕ್ಕೆ ಆ ಕಾಲದಲ್ಲಿ ದುಡಿದು ಸವೆದ ಲಾರಿ ಬೇಕು. 1970–80ರ ದಶಕಗಳ ಗಣಿಯ ಕಥೆ ಹೇಳಿದ, 2018ರಲ್ಲಿ ಬಿಡುಗಡೆಯಾದ ‘ಕೆಜಿಎಫ್’ನಂಥ ಚಿತ್ರದಲ್ಲಿ ಷೋರೂಮಿನಿಂದ ಇಳಿದಂತೆ ಮಿರುಗುವ ಟ್ರಕ್ಕು ಬಂದು ನಿಂತರೆ ನೋಡುವವನ ನಂಬಿಕೆ ಅಲ್ಲಿಗೇ ಹರಿಯುತ್ತದೆ. ಹೆದ್ದಾರಿ ಹೋಟೆಲಿನ ಅಂಗಳದಲ್ಲಿ ಅಲಂಕಾರಕ್ಕೆ ಹಳೆಯ ಲಾರಿಯೊಂದರ ಮುಖ ಇಡಬೇಕೆನ್ನುವವರಿಗೂ ಅದೇ ಬೇಕು. ಇನ್ನೊಂದು ಬಗೆಯ ಗಿರಾಕಿ ಇದ್ದಾನೆ: ಅಜ್ಜನ ಕಾಲದ ಟಾಟಾ-ಬೆಂಜ್ ಉಳಿಸಿಕೊಂಡಿದ್ದಾನೆ, ಒಂದು ಬಾಗಿಲು ಮಾತ್ರ ಕೊಳೆತು ಉದುರಿದೆ, ಗುಜರಿಯಿಂದ ಬೇರೆ ಬಾಗಿಲು ತಂದು ಕೂಡಿಸಿದ್ದಾನೆ. ಉಳಿದ ಮೈಯೆಲ್ಲ ಮುದಿ, ಬಾಗಿಲು ಮಾತ್ರ ಬೇರೆ. ಅದನ್ನು ಹೊಂದಿಸಿಕೊಡಬೇಕು. ಈ ಮೂರನೆಯವನ ಕೆಲಸವೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಸುಳ್ಳಿನ ಪಕ್ಕದಲ್ಲೇ ನಿಜ ನಿಂತಿರುತ್ತದೆ.

ಈ ವಿದ್ಯೆ ಕಲಿಯಲು ಚಿತ್ರದುರ್ಗ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾಯ್ದು ಹೋಗುತ್ತದೆ. ಈಗ ಅದರ ಸಂಖ್ಯೆ 48, ಹಳೆಯ ಡ್ರೈವರುಗಳ ಬಾಯಲ್ಲಿ 4. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 13ನೇ ಹೆದ್ದಾರಿ ಅದನ್ನು ಚಿತ್ರದುರ್ಗದಲ್ಲಿ ಕತ್ತರಿಸಿ ಹೊಳಲ್ಕೆರೆಯ ಮೇಲೆ ಮಲೆನಾಡಿಗೆ ಇಳಿಯುತ್ತಿತ್ತು. ಬಯಲುಸೀಮೆಯ ಬಿಸಿಲು, ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಮೂರನ್ನೂ ತಿಂದ ಲಾರಿಗಳು ಇಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಸುಮ್ಮನೆ ನಿಂತು ನೋಡಿದರೂ ಪಾಠ.

ಮೊದಲನೆಯ ಪಾಠ ಧೂಳಿನದು. ಧೂಳೆಂದರೆ ಒಂದೇ ಬಣ್ಣವೆಂದು ತಿಳಿದವನು ಈ ಕೆಲಸಕ್ಕೆ ಕೈ ಹಾಕಬಾರದು. ಹಿರಿಯೂರು ಕಡೆಯ ಎರೆಮಣ್ಣು ಹಸಿಯಿದ್ದಾಗ ಕರಿ, ಮಡ್‌ಗಾರ್ಡಿನ ಒಳಗೆ ಒಣಗಿದ ಮೇಲೆ ಬೂದಿ. ಬಿರುಕುಬಿಟ್ಟು ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆಮ್ಮಣ್ಣು ಹಾಗಲ್ಲ; ಅದು ನಯವಾಗಿ ಕೂತು, ಒರೆಸಿದರೂ ಬಣ್ಣದ ಮೇಲೆ ತೆಳ್ಳಗಿನ ಕೆಂಪು ಛಾಯೆ ಬಿಡುತ್ತದೆ. ಕಬ್ಬಿಣದ ಅದಿರಿನ ಧೂಳು ಇನ್ನೂ ಬೇರೆ. ಅದು ಭಾರ, ಗಾಢ. ಬೋಲ್ಟಿನ ಸುತ್ತ, ಬಾಗಿಲ ಸಂದಿನಲ್ಲಿ, ರಬ್ಬರಿನ ಅಂಚಿನಲ್ಲಿ ಸೇರಿಕೊಂಡರೆ ಗಾಡಿ ಮಾರಿಹೋಗುವವರೆಗೂ ಬಿಡುವುದಿಲ್ಲ. ತುಕ್ಕೂ ಅದಿರೂ ಮೂಲದಲ್ಲಿ ಬಂಧುಗಳೇ, ಎರಡೂ ಕಬ್ಬಿಣದ ಆಕ್ಸೈಡುಗಳು. ಆದ್ದರಿಂದ ಅದಿರು ಹೊತ್ತ ಲಾರಿಯಲ್ಲಿ ಯಾವುದು ತುಕ್ಕು, ಯಾವುದು ಧೂಳು ಎಂದು ದೂರದಿಂದ ಹೇಳಲಾಗದು. ಹತ್ತಿರ ಹೋಗಿ ಉಗುರಿನಿಂದ ಕೆರೆಯಬೇಕು: ಧೂಳಿದ್ದರೆ ಕೆಳಗೆ ಬಣ್ಣ ಸಿಗುತ್ತದೆ, ತುಕ್ಕಿದ್ದರೆ ಕೆಳಗೂ ತುಕ್ಕೇ.

ಎರಡನೆಯ ಪಾಠ, ಓಡಿದ ಲಾರಿ ಬೇರೆ, ನಿಂತ ಲಾರಿ ಬೇರೆ. ಓಡಿದ ಲಾರಿಯನ್ನು ಕಲ್ಲು ಮತ್ತು ಕೈ ಸವೆಸುತ್ತವೆ. ಮುಂಬದಿಯ ಕೆಳಭಾಗದಲ್ಲಿ, ಚಕ್ರದ ಹಿಂದೆ ಕಲ್ಲು ಸಿಡಿದ ಚುಕ್ಕಿಗಳು. ಮೆಟ್ಟಿಲಿನಲ್ಲಿ ಬಣ್ಣ ಹೋಗಿ ಬೆಳ್ಳಗೆ ತಿಕ್ಕಿಸಿಕೊಂಡ ಕಬ್ಬಿಣ. ಹಗ್ಗ ಬಿಗಿಯುವ ಕೊಕ್ಕೆಗಳ ಹತ್ತಿರ ಉಜ್ಜಿದ ಗೆರೆಗಳು. ನಿಂತ ಲಾರಿಯನ್ನು ಬಿಸಿಲು ಮತ್ತು ನೀರು ತಿನ್ನುತ್ತವೆ. ಟಾಪು, ಬಾನೆಟ್ಟು ಸುಣ್ಣ ಬಳಿದಂತೆ ಬಿಳಿಚುತ್ತವೆ, ನೀರು ಇಳಿದಲ್ಲಿ ಗೆರೆ ಮೂಡುತ್ತವೆ, ನೆಲಕ್ಕೆ ಹತ್ತಿರದ ಅಂಚು ಕೊಳೆಯುತ್ತದೆ, ಬಿಸಿಲಿಗೆ ಮುಖಮಾಡಿದ ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ ಮುದಿಯಾಗುತ್ತದೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಜತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಅದಿರನ್ನೇ ನಂಬಿದ ಲಾರಿಗಳಿಗೆ ಲೋಡಿಲ್ಲದಂತಾಯಿತು. 2013ರಲ್ಲಿ ಒಂದಷ್ಟು ಗಣಿಗಳಿಗೆ ಮಾತ್ರ ಮತ್ತೆ ಅನುಮತಿ ಸಿಕ್ಕಿತು. ಹಾಗೆ ದುಡಿಯುತ್ತ ದುಡಿಯುತ್ತ ತಟ್ಟನೆ ನಿಂತ ಗಾಡಿಯ ಮೈಯಲ್ಲಿ ಎರಡು ಬಗೆಯ ಮುಪ್ಪೂ ಒಂದರ ಮೇಲೊಂದು ಕೂತಿರುತ್ತದೆ. ಬಣ್ಣ ಹಚ್ಚುವವನು ಗನ್ ಹಿಡಿಯುವ ಮೊದಲೇ ಈ ಲಾರಿಯ ಕಥೆ ಏನು ಎಂದು ತೀರ್ಮಾನಿಸಬೇಕಾದದ್ದು ಇದಕ್ಕೇ.

ಬಣ್ಣ ಮುಪ್ಪಾಗುವುದೆಂದರೇನು? ಹಳೆಯ ಲಾರಿಗಳಿಗೆ ಹೊಡೆಯುತ್ತಿದ್ದದ್ದು ಹೆಚ್ಚಾಗಿ ಎನಾಮೆಲ್. ಬಣ್ಣದ ಪುಡಿಯನ್ನು ಹಿಡಿದಿಡುವ ರಾಳವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ. ಹಿಡಿತ ತಪ್ಪಿದ ಪುಡಿ ಮೇಲೆ ಸಡಿಲವಾಗಿ ನಿಲ್ಲುತ್ತದೆ. ಬೆರಳಿಂದ ಒರೆಸಿದರೆ ಚಾಕ್‌ಪೀಸಿನಂತೆ ಕೈಗೆ ಅಂಟುತ್ತದೆ. ವಿಶೇಷವೆಂದರೆ ಅದರ ಕೆಳಗೆ ಹಳೆಯ ಬಣ್ಣ ಇನ್ನೂ ಜೀವಂತ. ಎಣ್ಣೆ ಬಟ್ಟೆಯಲ್ಲಿ ತಿಕ್ಕಿದರೆ ಅಷ್ಟು ಜಾಗ ಮತ್ತೆ ಗಾಢವಾಗುತ್ತದೆ. ಬಾಗಿಲು ತೆರೆದರೆ ಚೌಕಟ್ಟಿನ ಒಳಮೈ, ಕೀಲಿನ ಹಿಂಭಾಗ, ಹೆಸರುಫಲಕದ ಅಡಿ, ಇಲ್ಲೆಲ್ಲ ಮೊದಲ ದಿನದ ಹೊಳಪೇ ಉಳಿದಿರುತ್ತದೆ. ಕಳ್ಳ ಮುಪ್ಪು ಸಿಕ್ಕಿಬೀಳುವುದು ಇಲ್ಲೇ. ಹೊರಗೆಲ್ಲ ಮಾಸಿಸಿ, ಬಿಸಿಲು ಎಂದೂ ಕಾಣದ ಒಳಚೌಕಟ್ಟನ್ನೂ ಅದೇ ಉಮೇದಿನಲ್ಲಿ ಮಾಸಿಸಿದರೆ ತಿಳಿದವರು ನಕ್ಕುಬಿಡುತ್ತಾರೆ.

ನಮ್ಮ ಲಾರಿಗಳಿಗೆ ಇನ್ನೊಂದು ಗುಣವಿದೆ. ಎಫ್.ಸಿ. ಮಾಡಿಸುವ ಮುನ್ನ ಮೇಲೊಂದು ಕೋಟು ಹೊಡೆಸುವುದು ಇಲ್ಲಿಯ ರೂಢಿ. ಮಾಲೀಕ ಬದಲಾದರೆ ಬಣ್ಣವೂ ಬದಲು. ಹೀಗಾಗಿ ಇಲ್ಲಿಯ ಹಳೆಯ ಲಾರಿಯಲ್ಲಿ ಒಂದು ಹಕ್ಕಳೆ ಎದ್ದರೆ ಮರದ ಕಾಂಡ ಕೊಯ್ದಾಗ ಕಾಣುವ ಬಳೆಗಳಂತೆ ಹಳದಿ, ಅದರೊಳಗೆ ನೀಲಿ, ಅದರೊಳಗೆ ಕಿತ್ತಳೆ, ನಡುವೆ ರೆಡ್ ಆಕ್ಸೈಡ್, ಕೊನೆಗೆ ತಗಡು. ವಿದೇಶದ ಪುಸ್ತಕ ನೋಡಿ ಒಂದೇ ಬಣ್ಣದ ಕೆಳಗೆ ನೇರವಾಗಿ ತುಕ್ಕು ತೋರಿಸಿದರೆ ಅದು ಟೆಕ್ಸಾಸಿನ ಲಾರಿಯಾದೀತು, ಹೊಸದುರ್ಗದ್ದಾಗದು.

ಕೆಲಸದ ಕ್ರಮ ಹೀಗೆ. ತಗಡನ್ನು ಮೊದಲು ನಿಜಕ್ಕೂ ಗಟ್ಟಿಮಾಡಬೇಕು: ತುಕ್ಕು ತೆಗೆದು, ಟಿಂಕರಿಂಗ್ ಮುಗಿಸಿ, ರೆಡ್ ಆಕ್ಸೈಡ್ ಹಚ್ಚಬೇಕು. ಹಳೆಯದಾಗಿ ಕಾಣಬೇಕಾದ್ದು ಮೇಲಿನದು, ಒಳಗಿನದಲ್ಲ. ಆಮೇಲೆ ತುಕ್ಕು ಎಲ್ಲಿ ಬರಬೇಕೋ ಅಲ್ಲಿ ಮಾತ್ರ ತುಕ್ಕಿನ ಬಣ್ಣಗಳನ್ನು ಸ್ಪಂಜಿನಲ್ಲಿ ಒತ್ತಬೇಕು. ಬಣ್ಣಗಳು ಎನ್ನಬೇಕು, ಬಣ್ಣವಲ್ಲ. ಹಳೆಯ ತುಕ್ಕು ಕಪ್ಪಿಗೆ ಹತ್ತಿರದ ಕಂದು. ನಿನ್ನೆ ಮೊನ್ನೆ ಮಳೆ ಬಿದ್ದಲ್ಲಿ ಮಾತ್ರ ಕಿತ್ತಳೆ. ಡಬ್ಬಿಯಿಂದ ತೆಗೆದ ಒಂದೇ ಕಿತ್ತಳೆಯನ್ನು ಮೈತುಂಬ ಬಳಿದರೆ ಗಾಡಿಗೆ ಅಮ್ಮ ಎದ್ದಂತೆ ಕಾಣುತ್ತದೆ. ತುಕ್ಕಿನ ಜಾಗಗಳೂ ಗೊತ್ತಿರಬೇಕು: ಗಾಜಿನ ರಬ್ಬರಿನ ಕೆಳಗೆ, ಬಾಗಿಲ ತಳದಂಚು, ತಗಡಿನ ಮಡಿಕೆ, ಬೆಸುಗೆಯ ಚುಕ್ಕಿ, ಒಟ್ಟಿನಲ್ಲಿ ನೀರು ನಿಲ್ಲುವ ಕಡೆ. ಅಗಲವಾದ ಬಾಗಿಲ ನಟ್ಟನಡುವೆ, ಏಟು ಬೀಳದೆ, ತುಕ್ಕು ತಾನಾಗಿ ಹುಟ್ಟುವುದು ಅಪರೂಪ.

ಆ ತುಕ್ಕಿನ ಮೇಲೆ ಒಂದು ಕೋಟು ಕ್ಲಿಯರ್ ಹೊಡೆದು ಒಣಗಿಸಿ, ಎಲ್ಲೆಲ್ಲಿ ಬಣ್ಣ ಎದ್ದುಹೋಗಬೇಕೋ ಅಲ್ಲಿ ಮೇಣದ ಬತ್ತಿ ತಿಕ್ಕಬೇಕು, ಇಲ್ಲವೆ ವ್ಯಾಸಲೀನ್ ಸವರಬೇಕು. ಕೆಲವರು ತುಸು ನೀರು ಚಿಮುಕಿಸಿ ಕಲ್ಲುಪ್ಪು ಉದುರಿಸುತ್ತಾರೆ. ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಉಜ್ಜಿದರೆ ಉಪ್ಪು ಕೂತಲ್ಲೆಲ್ಲ ಬಣ್ಣ ಸಿಡಿದು ಬರುತ್ತದೆ. ಅಂಚು ಕೈಯಿಂದ ಮಾಡಲಾಗದಷ್ಟು ಸಹಜ. ಎರಡೋ ಮೂರೋ ಬಣ್ಣ ಹೀಗೆ ತೆಳುವಾಗಿ ಹೊಡೆದು, ಕೊನೆಯದನ್ನು 400ರ ವಾಟರ್ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ, 800ರಲ್ಲಿ ಮುಗಿಸಿದರೆ ಮೂಲೆಗಳಲ್ಲಿ ಆ ಬಳೆಗಳು ಒಂದೊಂದಾಗಿ ಹೊರಬರುತ್ತವೆ.

ತಿಕ್ಕುವುದೆಂದರೆ ಎಲ್ಲೆಂದರಲ್ಲಿ ತಿಕ್ಕುವುದಲ್ಲ. ಮನುಷ್ಯರು ಮುಟ್ಟಿದ ಕಡೆ. ಬಲಬಾಗಿಲ ಕಿಟಕಿಯಂಚಿನಲ್ಲಿ ಡ್ರೈವರನ ಮೊಣಕೈ ಊರುತ್ತದೆ. ಅಲ್ಲಿ ಬಣ್ಣ ಗೀಚಿರುವುದಿಲ್ಲ, ನುಣ್ಣಗೆ ಸವೆದಿರುತ್ತದೆ. ಎಡಬಾಗಿಲ ಕಥೆ ಬೇರೆ. ಗಾಡಿ ಹಿಂದಕ್ಕೆ ತೆಗೆಯುವಾಗ, ಎದುರಿನ ಗಾಡಿಗೆ ದಾರಿ ಬಿಡುವಾಗ ಕ್ಲೀನರ್ ಹುಡುಗ ‘ರೈಟ್, ರೈಟ್’ ಎನ್ನುತ್ತ ಅಂಗೈಯಿಂದ ಬಡಿಯುವ ಜಾಗ ಅದು. ಕಿಟಕಿಯ ಕೆಳಗೆ ಒಂದು ಗೇಣು ಅಗಲದ ಆ ಮಂಕು ವೃತ್ತವನ್ನು ಬಿಡಿಸಿದ ಪೇಂಟರ್ ಲಾರಿ ಕಂಡವನು. ಎರಡು ಬಾಗಿಲನ್ನೂ ಒಂದೇ ಸಮ ತಿಕ್ಕಿದವನು ಲಾರಿಯ ಚಿತ್ರ ಕಂಡವನು. ಡೀಸೆಲ್ ಟ್ಯಾಂಕಿನ ಮುಚ್ಚಳದಿಂದ ಕೆಳಕ್ಕೆ ಚೆಲ್ಲಿದ ಎಣ್ಣೆಯ ಕರಿಗೆರೆ ಇರಲೇಬೇಕು. ಆ ಗೆರೆಯ ಪಕ್ಕದಲ್ಲಿ ಧೂಳು ದಪ್ಪಗೆ ಹಿಡಿದಿರುತ್ತದೆ.

ಮಾಸಿದ ಛಾಯೆಗೆ, ಬಹಳ ಥಿನ್ನರ್ ಬೆರೆಸಿದ ಕೆನೆಬಣ್ಣವನ್ನು ಟಾಪು, ಬಾನೆಟ್ಟುಗಳ ಮೇಲೆ ಮಂಜಿನಂತೆ ಹಾಯಿಸಬೇಕು. ಮಗ್ಗುಲಿಗೆ ಕಡಿಮೆ, ಕೆಳಗೆ ಏನೂ ಬೇಡ. ನೀರಿಳಿದ ಗೆರೆಗಳಿಗೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಕಂದುಬಣ್ಣವನ್ನು ಬೋಲ್ಟಿನಿಂದ ಕೆಳಕ್ಕೆ ಎಳೆದು ಒಣ ಬ್ರಶ್ಶಿನಿಂದ ಸವರಬೇಕು. ಕೊನೆಗೆ ಧೂಳು. ಸಿನಿಮಾದವರು ಲೋಕದೆಲ್ಲೆಡೆ ಬಳಸುವುದು ಫುಲ್ಲರ್ಸ್ ಅರ್ತ್, ಅಂದರೆ ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ. ಮುಖದ ಕಳೆ ಹೆಚ್ಚಿಸುವ ಮಣ್ಣೇ ಲಾರಿಯ ಕಳೆ ತೆಗೆಯುವುದು ತಮಾಷೆಯಾಗಿದೆ. ಗಾಡಿ ಇಂಥ ಸೀಮೆಯದೇ ಅನ್ನಿಸಬೇಕಿದ್ದರೆ ಆಯಾ ಊರಿನ ಮಣ್ಣನ್ನೇ ವಸ್ತ್ರಗಾಳಿತ ಮಾಡಿ ಬಳಸುವುದು ಮೇಲು, ಪುಕ್ಕಟೆಯೂ ಹೌದು. ಮೇಲೆ ಹೊಳಪಿಲ್ಲದ ಮ್ಯಾಟ್ ಕ್ಲಿಯರ್ ಹೊಡೆದರೆ ಎಲ್ಲವೂ ಗಟ್ಟಿಯಾಗಿ ನಿಲ್ಲುತ್ತದೆ. ಷೆಡ್ಡಿನ ಟ್ಯೂಬ್‌ಲೈಟಿನಲ್ಲಿ ನೋಡಿ ಮೆಚ್ಚಬಾರದು. ಮಧ್ಯಾಹ್ನದ ಬಿಸಿಲಿನಲ್ಲೊಮ್ಮೆ, ಇಳಿಹೊತ್ತಿನಲ್ಲೊಮ್ಮೆ ಹೊರಗೆ ನಿಲ್ಲಿಸಿ ನೋಡಬೇಕು.

ಸ್ಟೀವನ್ ಸ್ಪೀಲ್‌ಬರ್ಗ್ 1971ರಲ್ಲಿ ಟೆಲಿವಿಷನ್ನಿಗೆಂದು ‘ಡ್ಯುಯೆಲ್’ ಎಂಬ ಚಿತ್ರ ತೆಗೆದ. ಅದರಲ್ಲಿ ಕಾರೊಂದನ್ನು ಅಟ್ಟಿಸಿಕೊಂಡು ಬರುವ ಪೀಟರ್‌ಬಿಲ್ಟ್ ಟ್ಯಾಂಕರಿನ ಡ್ರೈವರನ ಮುಖ ನೋಡುವವನಿಗೆ ಸರಿಯಾಗಿ ಕಾಣುವುದೇ ಇಲ್ಲ. ಎಣ್ಣೆ, ಮಸಿ, ತುಕ್ಕು ಮೆತ್ತಿದ ಆ ಗಾಡಿಯ ಮುಖವೇ ಖಳನಾಯಕ. ಚಿತ್ರ ಕಂಡವರಿಗೆ ಕಥೆ ಮರೆತರೂ ಲಾರಿ ಮರೆಯದು.

ಅಕ್ಷರಗಳ ವಿಷಯ ಬೇರೆಯೇ ಹೇಳಬೇಕು. ತಲೆಯ ಮೇಲೆ ಮನೆದೇವರ ಹೆಸರು, ಹಿಂದೆ ‘ಸೌಂಡ್ ಹಾರ್ನ್’, ಬಾಗಿಲಲ್ಲಿ ಮಾಲೀಕನ ಹೆಸರು, ಇವನ್ನು ಹೊಸದಾಗಿ ಬರೆದು ತಿಕ್ಕಿ ಮಾಸಿಸಿದರೆ ಅರ್ಧ ಕೆಲಸ. ನಿಜವಾದ ಹಳೆಯ ಗಾಡಿಯಲ್ಲಿ ಅಳಿಸಿದ ಅಕ್ಷರವೂ ಇರುತ್ತದೆ. ಅಕ್ಷರದ ಬಣ್ಣ ತನ್ನ ಅಡಿಯ ಬಣ್ಣವನ್ನು ವರ್ಷಾನುಗಟ್ಟಲೆ ಬಿಸಿಲಿನಿಂದ ಕಾದಿರುವುದರಿಂದ, ಹೊಸ ಮಾಲೀಕ ಅದನ್ನು ಕೆರೆಸಿದಾಗ ಸುತ್ತಲಿನದಕ್ಕಿಂತ ಗಾಢವಾದ ನೆರಳಾಗಿ ಹಳೆಯ ಹೆಸರು ಮತ್ತೆ ಕಾಣುತ್ತದೆ. ಕಾಲದ ಲೆಕ್ಕವೂ ತಪ್ಪಬಾರದು. 1960ರ ದಶಕದ ಕಥೆಗೆ ‘ಕೆಎ 16’ ನಂಬರು ಬರೆದರೆ ಮುಗಿಯಿತು. ಕೆಎ ಸರಣಿ ಬಂದದ್ದು ಹೊಸ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಯಾದ ಮೇಲೆ. 1973ರ ನವೆಂಬರಿಗೆ ಮೊದಲಿನ ಗಾಡಿಯಲ್ಲಿ ‘ಕರ್ನಾಟಕ’ ಎಂದಿರುವಂತಿಲ್ಲ, ‘ಮೈಸೂರು’ ಎಂದೇ ಇರಬೇಕು. ಟೆಲ್ಕೊ 1954ರಲ್ಲಿ ಡೈಮ್ಲರ್-ಬೆಂಜ್ ಜತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಒಪ್ಪಂದ 1969ರಲ್ಲಿ ಮುಗಿಯಿತು. ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರವಿದ್ದರೆ ಒಂದು ಕಾಲ, ‘ಟಿ’ ಅಕ್ಷರವಿದ್ದರೆ ಇನ್ನೊಂದು.

ಇಷ್ಟೆಲ್ಲ ಆದ ಮೇಲೆ ಅಪಾಯಗಳ ಮಾತು. ನಿಜವಾದ ತುಕ್ಕೇ ಬರಲಿ ಎಂದು ಉಪ್ಪುನೀರು, ವಿನೆಗರ್ ಸುರಿಯುವವರಿದ್ದಾರೆ. ಬಂದ ತುಕ್ಕು ಹೇಳಿದಲ್ಲಿ ನಿಲ್ಲುವುದಿಲ್ಲ. ಮೇಲೆ ಕ್ಲಿಯರ್ ಹೊಡೆದರೂ ಕೆಳಗೆ ತಿನ್ನುತ್ತಲೇ ಇರುತ್ತದೆ. ಕಲ್ಲುಪ್ಪಿನ ಉಪಾಯ ಮಾಡಿದವರೂ ಸಾಕಷ್ಟು ನೀರಿನಲ್ಲಿ ತೊಳೆಯದಿದ್ದರೆ ಅದೇ ಗತಿ. ಚಾಸಿಸ್, ಬ್ರೇಕಿನ ಪೈಪು, ಸ್ಪ್ರಿಂಗ್ ಪಟ್ಟಿಗಳ ಹತ್ತಿರ ಸುಳ್ಳು ತುಕ್ಕನ್ನೂ ಬಳಿಯಬಾರದು. ನಾಳೆ ಅಲ್ಲಿ ನಿಜವಾದ ಬಿರುಕು ಬಿಟ್ಟರೆ ಮೆಕ್ಯಾನಿಕ್ಕಿಗೆ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ತಿಕ್ಕುವವನಿಗೆ. ಹಳೆಯ ಲಾರಿಗಳ ಗಾಢ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಸಾಮಾನ್ಯವಾಗಿದ್ದವು. ಕಬ್ಬಿಣಕ್ಕೆ ಹಚ್ಚುತ್ತಿದ್ದ ಕೆಂಪು ಸೀಸದ ಪ್ರೈಮರ್ ಸರಿಯೇ ಸರಿ. ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಪೂರ್ಣವಾಗಿ ಜಾರಿಗೆ ಬಂದರೂ ಅದು ಮನೆಗೆ ಬಳಿಯುವ, ಅಲಂಕಾರದ ಬಣ್ಣಗಳಿಗೆ ಮಾಡಿದ್ದು. ಐವತ್ತು ವರ್ಷದ ಲಾರಿಯ ಮೈಮೇಲಿರುವ ಬಣ್ಣಕ್ಕಂತೂ ಯಾವ ನಿಯಮವೂ ಹಿಂದಕ್ಕೆ ಹೋಗಿ ಅನ್ವಯಿಸದು. ಅದನ್ನು ಒಣದಾಗಿ ಮೆಷಿನ್ನಿನಲ್ಲಿ ತಿಕ್ಕಿದರೆ ಏಳುವ ಪುಡಿ ಉಸಿರಿನಲ್ಲಿ ಹೋಗುತ್ತದೆ, ಬಟ್ಟೆಗೆ ಅಂಟಿ ಮನೆಗೆ ಬರುತ್ತದೆ. ಸಣ್ಣ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ನೀರು ಹಾಕಿಯೇ ತಿಕ್ಕಬೇಕು, ಮೂಗಿಗೆ ಕಟ್ಟುವ ಕರವಸ್ತ್ರ ಸಾಲದು, ಸರಿಯಾದ ಮಾಸ್ಕ್ ಬೇಕು, ತಿಕ್ಕಿದ ಕೆಸರನ್ನು ಚರಂಡಿಗೆ ಬಿಡದೆ ಒಟ್ಟುಮಾಡಬೇಕು, ಕೆಲಸದ ಬಟ್ಟೆ ಷೆಡ್ಡಿನಲ್ಲೇ ಬಿಟ್ಟು ಮನೆಗೆ ಹೋಗಬೇಕು. ಇದನ್ನು ಪೇಂಟರನಿಗಿಂತ ಮಾಲೀಕನಿಗೆ ಹೇಳಬೇಕು, ಮಾಸ್ಕಿನ ದುಡ್ಡು ಕೊಡಬೇಕಾದವನು ಅವನು.

ಕೊನೆಯದಾಗಿ, ನಿಜವಾಗಿ ಹಳೆಯದಾದ ಲಾರಿಯನ್ನೇ ಷೆಡ್ಡಿಗೆ ತರುವವರ ವಿಚಾರ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 2012ರಲ್ಲಿ ಒಪ್ಪಿದ ಟ್ಯೂರಿನ್ ಚಾರ್ಟರ್ ಹೇಳುವುದು, ವಾಹನದ ಮೈಮೇಲೆ ಕಾಲ ಬಿಟ್ಟ ಗುರುತುಗಳೂ ಅದರ ಚರಿತ್ರೆಯ ಭಾಗ, ಸುಮ್ಮಸುಮ್ಮನೆ ಅಳಿಸಬಾರದು ಎಂದು. ನಮ್ಮಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ, ‘ವಿಎ’ ಅಕ್ಷರದ ನಂಬರು ಕೊಡುವ ನಿಯಮ ತಂದಿತು. ಆದರೆ ಅದು ಸ್ವಂತ ಬಳಕೆಯ ದ್ವಿಚಕ್ರ ವಾಹನ, ಕಾರುಗಳಿಗೆ. ನಾಡಿನ ಅಡಕೆ, ತೆಂಗು, ಅದಿರು ಹೊತ್ತ ಲಾರಿಗೆ ಆ ಮರ್ಯಾದೆ ಇಲ್ಲ. ಇತ್ತ 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೇ ನಿಂತಿದೆ. ಖಾಸಗಿಯವರ ಹಳೆಯ ಲಾರಿಗಳೂ ಗುಜರಿಯ ತಕ್ಕಡಿಗೆ ಏರುತ್ತಲೇ ಇವೆ. ತಕ್ಕಡಿಗೆ ಬಣ್ಣದ ಲೆಕ್ಕವಿಲ್ಲ, ಕಿಲೋ ಲೆಕ್ಕ ಮಾತ್ರ.

ಹಾಗೆ ಉಳಿದ ಒಂದೆರಡನ್ನು ಪ್ರೀತಿಯಿಂದ ತಂದವರೇ ಎಷ್ಟೋ ಸಲ ಅವುಗಳ ಹಳೆಯ ಬಣ್ಣವನ್ನೆಲ್ಲ ಕೆರೆಸಿ, ಹೊಸದು ಹೊಡೆಸಿ, ಆಮೇಲೆ ‘ಯಾಕೋ ಆ ಕಳೆ ಬರಲಿಲ್ಲ’ ಎಂದು ಮತ್ತೆ ಹಳೆಯದು ಮಾಡಿಸಲು ಹೊರಡುತ್ತಾರೆ. ಕ್ಲೀನರ್ ಹುಡುಗನ ಅಂಗೈ ಹತ್ತು ವರ್ಷ ಬಡಿದು ಮಾಡಿದ ಗುರುತನ್ನು ಅರ್ಧ ದಿನದಲ್ಲಿ ಅಳಿಸಿ, ಅದರದೇ ನಕಲಿಗೆ ದುಡ್ಡು ಸುರಿಯುವುದು. ಕೆಟ್ಟ ಭಾಗಕ್ಕೆ ಮಾತ್ರ ಹೊಂದಿಸಿ ಬಣ್ಣ ಹಚ್ಚಿ, ಉಳಿದದ್ದನ್ನು ತಣ್ಣೀರಿನಲ್ಲಿ ತೊಳೆದು, ತೆಳ್ಳಗೆ ಮೇಣ ಹಚ್ಚಿ ಬಿಡುವುದು ಖರ್ಚಿನಲ್ಲೂ ಕಡಿಮೆ. ಮಾರುವಾಗ ಕೃತಕ ಮುಪ್ಪನ್ನು ‘ಒರಿಜಿನಲ್ ಪೇಂಟು’ ಎಂದು ಹೇಳಿ ಹೆಚ್ಚು ಕೀಳುವ ವ್ಯಾಪಾರಕ್ಕಂತೂ ಮೋಸವೆಂದೇ ಹೆಸರು.

ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ಗಾಡಿಯ ನಾಲ್ಕೂ ಮಗ್ಗುಲಿನ ಫೋಟೊ ತೆಗೆದಿಡಬೇಕು. ಬಾಗಿಲ ಚೌಕಟ್ಟಿನೊಳಗೆ ಅಂಗೈ ಅಗಲದ ಹಳೆಯ ಬಣ್ಣವನ್ನು ಮುಟ್ಟದೆ ಬಿಡಬೇಕು, ಮುಂದೆ ಬಣ್ಣ ಹೊಂದಿಸುವವನಿಗೆ ಅದೇ ಅಳತೆಗೋಲು. ಕೆಲಸ ಮುಗಿದ ಮೇಲೆ ಪೇಂಟರ್ ಡ್ರೈವರ್ ಸೀಟಿನ ಹಿಂದಿನ ತಗಡಿನಲ್ಲಿ, ಯಾವ ಭಾಗ ಹೊಸದಾಗಿ ಹಳೆಯದು ಮಾಡಿದ್ದು, ಯಾವ ವರ್ಷ ಎಂದು ಸಣ್ಣ ಬ್ರಶ್ಶಿನಲ್ಲಿ ಬರೆದು ಕೆಳಗೆ ತನ್ನ ಹೆಸರು ಹಾಕಿದರೆ ಎರಡು ಸಾಲು ಸಾಕು.